ಎಪ್ಪತ್ತೆರಡನೇ ನಂಬರಿನ ಒಂದೇ ಒಂದು ಟಚ್‌ಡೌನು

“ನಿಮ್ಮ ಕಾಲೇಜಿಗೂ ಫುಟ್‌ಬಾಲ್ ಟೀಮ್ ಇತ್ತಾ ಆಂಟಿ?”

ಸ್ಯಾನ್ ಹೊಸೆಯಲ್ಲಿ ಪರಿಚಯದವರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿದ್ದೆವು. ಅಂಗೈಯಲ್ಲಿ ಸಪಾದ ಹಿಡಿದುಕೊಂಡು ಎದುರಿಗೆ ಕೂತಿದ್ದ ಒಬ್ಬ ಎಂಜಿನಿಯರು ಈ ಪ್ರಶ್ನೆ ಕೇಳಿದ. ಕೊಲ್ಲಿಯ ಆ ಕಡೆಯ ದೊಡ್ಡ ಯೂನಿವರ್ಸಿಟಿಯಲ್ಲಿ ಓದಿದವನಂತೆ. ಅದರ ಹೆಸರಿರುವ ಟೋಪಿಯನ್ನು ಪೂಜೆಗೂ ಹಾಕಿಕೊಂಡು ಬಂದಿದ್ದ. ಇತ್ತಾ ಅಂತೆ! ನನಗೆ ಮೈಯೆಲ್ಲ ಉರಿದುಹೋಯಿತು.

“ಇತ್ತಪ್ಪಾ, ಇತ್ತು. ನೀನು ಹುಟ್ಟೋಕೆ ಮುಂಚೆ ಇತ್ತು. ಎಂಥಾ ಟೀಮು ಅಂದ್ಕೊಂಡಿದೀಯ? ಮೂರು ವರ್ಷ ನಮ್ಮ ಗ್ರೌಂಡಿಗೆ ಬಂದು ಗೆದ್ದುಕೊಂಡು ಹೋದೋರು ಒಬ್ಬರೂ ಇಲ್ಲ.”

ನನ್ನ ಗಂಡ ಅವನ ಕಡೆ ಬಾಗಿ, “ಬೇಗ ಪ್ರಸಾದ ತಿಂದು ಎದ್ಬಿಡಪ್ಪ. ಇಲ್ದಿದ್ರೆ ಆ ಮೂರು ವರ್ಷದ್ದೂ ಇಲ್ಲೇ ಆಡಿಸಿ ತೋರಿಸ್ತಾಳೆ” ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನನಗೆ ಈ ವಿಷಯದಲ್ಲಿ ತಮಾಷೆ ಹಿಡಿಸುವುದಿಲ್ಲ.

ನಮ್ಮದು ಸಣ್ಣ ಕಾಲೇಜು. ಯೂನಿಯನ್ ಸಿಟಿಯಲ್ಲಿರುವ ನಮ್ಮ ಮನೆಯಿಂದ ಕಾರಿನಲ್ಲಿ ಹೊರಟರೆ ಬೆಟ್ಟದ ಮೇಲೆ ಸಿಗುತ್ತದೆ. ನಲವತ್ತು ವರ್ಷದ ಹತ್ತಿರಹತ್ತಿರ ಆಯಿತು, ಮೈಸೂರಿನಿಂದ ಒಂದು ಸೂಟ್‌ಕೇಸು, ಎರಡು ಸ್ವೆಟರು ತೆಗೆದುಕೊಂಡು ಸಂಖ್ಯಾಶಾಸ್ತ್ರದಲ್ಲಿ ಎಂ.ಎ. ಮಾಡಲು ಅಲ್ಲಿಗೆ ಬಂದೆ. ಆಗ ಟೀಮಿನಲ್ಲಿ ಆಡುತ್ತಿದ್ದವರೆಲ್ಲ ಕಾರ್ಖಾನೆಯವರ, ಲಾರಿ ಓಡಿಸುವವರ, ಹಣ್ಣಿನ ಡಬ್ಬಿ ತುಂಬುವವರ ಮಕ್ಕಳು. ಬೆಳಿಗ್ಗೆ ಎಲ್ಲೋ ಕೆಲಸ ಮಾಡಿ, ಮಧ್ಯಾಹ್ನ ಕ್ಲಾಸಿಗೆ ಬಂದು, ಸಂಜೆ ಪ್ರ್ಯಾಕ್ಟೀಸಿಗೆ ಇಳಿಯುತ್ತಿದ್ದರು. ಕೂರುವುದಕ್ಕೆ ಮರದ ಮೆಟ್ಟಿಲು, ಕೊಲ್ಲಿಯ ಕಡೆಯಿಂದ ಮಂಜು ಬಂದರೆ ಆ ತುದಿಯ ಗೋಲು ಕಾಣುತ್ತಿರಲಿಲ್ಲ. ಅಂಥ ಜಾಗದಲ್ಲಿ ಆ ಹುಡುಗರು ಮೂರು ವರ್ಷ ಆಡಿದ ಆಟವಿದೆಯಲ್ಲ, ಅದನ್ನು ನೋಡಿದವರು ಪುಣ್ಯವಂತರು. ಪೇಪರಿನವರು ದೊಡ್ಡ ಯೂನಿವರ್ಸಿಟಿಗಳ ಸೋಲಿಗೂ ಇಡೀ ಪುಟ ಕೊಡುತ್ತಿದ್ದರು, ನಮ್ಮ ಗೆಲುವಿಗೆ ಹೆಬ್ಬೆರಳಿನಷ್ಟು ಜಾಗ. ಕೆಲವು ವರ್ಷಗಳ ಮೇಲೆ ಕಾಲೇಜು ಟೀಮನ್ನೇ ಮುಚ್ಚಿಬಿಟ್ಟಿತು. ಗ್ರೌಂಡು ಈಗ ಪಾರ್ಕಿಂಗ್ ಲಾಟು.

ನಾನು ಆ ಟೀಮಿಗೆ ಹೇಗೆ ಗಂಟುಬಿದ್ದೆ ಎಂದು ಹೇಳಬೇಕು. ಮೈಸೂರಿನಲ್ಲಿ ನಮ್ಮಣ್ಣನ ಕ್ರಿಕೆಟ್ ಕ್ಲಬ್ಬಿಗೆ ನಾನೇ ಸ್ಕೋರರು. ಹುಡುಗಿಯರಿಗೆ ಬ್ಯಾಟು ಕೊಡುತ್ತಿರಲಿಲ್ಲ, ಪೆನ್ಸಿಲು ಕೊಡುತ್ತಿದ್ದರು. ಎರಡು ಟೀಮಿನ ಸ್ಕೋರರುಗಳು ಒಂದೇ ಮೇಜಿನ ಮುಂದೆ ಕೂತು, ಪ್ರತಿ ಓವರು ಮುಗಿದಾಗಲೂ ಪುಸ್ತಕ ತಾಳೆ ನೋಡಬೇಕು. ತಾಳೆಯಾಗದಿದ್ದರೆ? ವಯಸ್ಸಿನಲ್ಲಿ ಹಿರಿಯರು ಬರೆದದ್ದೇ ಸರಿ, ಕಿರಿಯರು ತಮ್ಮದನ್ನು ತಿದ್ದಿಕೊಳ್ಳಬೇಕು. ಅದು ನಮ್ಮ ಕಡೆಯ ಕ್ಲಬ್ಬುಗಳ ರೂಢಿ. ನಾನು ಹನ್ನೆರಡನೇ ವಯಸ್ಸಿನಿಂದ ತಿದ್ದಿಕೊಂಡು ಬಂದವಳು.

ಹಾಗಾಗಿ ಕಾಲೇಜಿನ ನೋಟೀಸ್ ಬೋರ್ಡಿನಲ್ಲಿ ‘ಫುಟ್‌ಬಾಲ್ ಟೀಮಿಗೆ ಆಟದ ವಿವರ ಬರೆಯುವವರು ಬೇಕು’ ಎಂದು ಕಂಡಾಗ, ಸ್ಕೋರಿಂಗ್ ತಾನೆ, ಏನು ಮಹಾ ಎಂದು ಹೋದೆ. ಯಾವ ಆಟಕ್ಕೆ ಬರೆದಿದ್ದೀಯ ಎಂದು ಕೇಳಿದರು. ಕ್ರಿಕೆಟ್ ಎಂದೆ. ನಕ್ಕರು. ಆದರೆ ಶನಿವಾರ ಹಾಳುಮಾಡಿಕೊಳ್ಳಲು ಬೇರೆ ಯಾರೂ ತಯಾರಿರಲಿಲ್ಲ, ಕೆಲಸ ನನಗೇ ಸಿಕ್ಕಿತು. ಅದರ ಹಣವಿಲ್ಲದಿದ್ದರೆ ನನ್ನ ಫೀಸು ತುಂಬುತ್ತಿರಲಿಲ್ಲ.

ಆ ಆಟದ ತಲೆಬುಡ ನನಗೆ ಗೊತ್ತಿರಲಿಲ್ಲ. ಫುಟ್‌ಬಾಲ್ ಎಂದು ಹೆಸರು, ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ! ನನಗೆ ಅದನ್ನು ಕಲಿಸಿದವನು ಎಪ್ಪತ್ತೆರಡನೇ ನಂಬರಿನ ಆಟಗಾರ. ಬಾಗಿಲಿನಷ್ಟು ಅಗಲದ ಆಳು. ನಾನು ಪಾಠಕ್ಕೆ ಸಹಾಯ ಮಾಡುತ್ತಿದ್ದ ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಕಡೆಯ ಬೆಂಚು ಅವನದು. ನಾನು ಅವನಿಗೆ ಸಂಭವನೀಯತೆ ಹೇಳಿಕೊಟ್ಟೆ, ಅವನು ಕ್ಯಾಂಟೀನಿನ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ, ಸಕ್ಕರೆ ಪೊಟ್ಟಣಗಳನ್ನು ಸಾಲಾಗಿ ಇಟ್ಟು ಆಟ ಹೇಳಿಕೊಟ್ಟ. ಸಕ್ಕರೆ ಪೊಟ್ಟಣ ಚೆಂಡು. ಅದನ್ನು ಹಿಡಿದು ಓಡುವವನು ಮೂವತ್ತನೇ ನಂಬರಿನವನು, ಅವನೇ ಉಪ್ಪಿನ ಡಬ್ಬಿ.

“ಮತ್ತೆ ನೀನು?” ಎಂದು ಕೇಳಿದೆ.

“ನಾನು ಮೆಣಸು. ಎದುರಿಗೆ ಬಂದವರನ್ನು ತಳ್ಳೋದು.”

“ಚೆಂಡು ಯಾವಾಗ ಸಿಗುತ್ತೆ ನಿಂಗೆ?”

“ನಂಗಾ? ಸಿಗಲ್ಲ. ನಮ್ಮಂಥೋರು ಅದನ್ನ ಮುಟ್ಟೋ ಹಾಗೇ ಇಲ್ಲ.”

ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ನನ್ನ ನೆನಪಿನಲ್ಲಿ ಇವರೆಲ್ಲ ಕನ್ನಡದಲ್ಲೇ ಮಾತಾಡುತ್ತಾರೆ, ಏನು ಮಾಡಲಿ. ಅಂತೂ ಅವನ ಮಾತು ಕೇಳಿ ನನಗೆ ಪಾಪ ಅನಿಸಿತು. ಇದೆಂಥ ಆಟ, ಒದೆ ತಿನ್ನುವವನು ಒಬ್ಬ, ಚಪ್ಪಾಳೆ ಇನ್ನೊಬ್ಬನಿಗೆ ಎಂದೆ. ಅವನು ಭುಜ ಕುಣಿಸಿ, ನನ್ನ ತಟ್ಟೆಯಲ್ಲಿ ಉಳಿದಿದ್ದ ಆಲೂಗಡ್ಡೆಯನ್ನೂ ತಿಂದು ಹೋದ.

ಮೆಟ್ಟಿಲುಗಳ ಮೇಲೆ ಒಂದು ಮರದ ಗೂಡು. ಅಲ್ಲಿ ಮೈಕು ಹಿಡಿದು ಆಟ ಹೇಳುವ ಯಜಮಾನರು, ಪಕ್ಕದಲ್ಲಿ ನಾನು. ಅವರಿಗೆ ಅರವತ್ತರ ಹತ್ತಿರ ವಯಸ್ಸು, ಗಂಭೀರವಾದ ಗಂಟಲು, ನನ್ನನ್ನು ಯಂಗ್ ಲೇಡಿ ಎಂದೇ ಕರೆಯುವರು. ನನ್ನ ಮುಂದೆ ಎರಡು ವಸ್ತು. ಒಂದು ನನ್ನ ಸ್ವಂತ ನೋಟ್‌ಬುಕ್ಕು. ಬೇಗ ಬರೆಯಬೇಕಲ್ಲ, ಅದರಲ್ಲಿ ಎಲ್ಲ ಕನ್ನಡ, ಅಂಕಿಗಳೂ ಕನ್ನಡವೇ. ‘೩೦ ಎಡಕ್ಕೆ ಓಡಿದ, ೪ ಗಜ’, ‘೩೦ ಬಿದ್ದ, ೭೨ ಎತ್ತಿದ’, ಹೀಗೆ. ಇನ್ನೊಂದು ಕಾಲೇಜಿನ ಹಾಳೆ. ಅದನ್ನು ಇಂಗ್ಲಿಷಿನಲ್ಲಿ ತುಂಬಿ ಕೊಡಬೇಕು. ಪೇಪರಿಗೆ, ಆಫೀಸಿಗೆ, ಎಲ್ಲಕ್ಕೂ ಹೋಗುವುದು ಅದೇ.

ಮೂರನೇ ವರ್ಷದ ಕೊನೆಯ ಆಟ. ಗೆದ್ದರೆ ಇಡೀ ಸೀಸನ್ನು ಒಂದೂ ಸೋಲಿಲ್ಲದೆ ಮುಗಿಯುತ್ತಿತ್ತು, ಚಾಂಪಿಯನ್‌ಗಿರಿ ನಮ್ಮದಾಗುತ್ತಿತ್ತು. ಇನ್ನೇನು ಸಮಯ ಮುಗಿಯಬೇಕು, ನಾವು ನಾಲ್ಕು ಪಾಯಿಂಟು ಹಿಂದೆ, ಗೋಲಿನ ಗೆರೆ ಎರಡೇ ಗಜ ದೂರ. ಮಂಜು ಇಳಿಯುತ್ತಿತ್ತು. ಮೆಟ್ಟಿಲ ಮೇಲಿನ ಜನವೆಲ್ಲ ಎದ್ದು ನಿಂತಿದ್ದರು. ಚೆಂಡು ಮೂವತ್ತರ ಕೈಗೆ ಹೋಯಿತು. ಅವನು ತಲೆ ಬಗ್ಗಿಸಿ ನುಗ್ಗಿದ, ಯಾರೋ ಪಕ್ಕದಿಂದ ಗುದ್ದಿದರು, ಚೆಂಡು ಕೈಯಿಂದ ಜಾರಿತು. ನನ್ನ ಕಣ್ಣಾಣೆಗೂ ಕಂಡೆ, ಜಾರಿ ಗೆರೆಯ ಆಚೆ ಉರುಳಿತು. ಆ ದೊಡ್ಡ ದೇಹ, ಎಪ್ಪತ್ತೆರಡು, ಅದರ ಮೇಲೆ ದೊಪ್ಪನೆ ಬಿದ್ದಿತು. ಅವನ ಮೇಲೆ ಹತ್ತು ಜನ ಬಿದ್ದರು. ಆಟದ ನಿಯಮದಲ್ಲಿ ಕೈಜಾರಿದ ಚೆಂಡನ್ನು ಯಾರು ಬೇಕಾದರೂ ಹಿಡಿಯಬಹುದು, ಗೆರೆಯಾಚೆ ಹಿಡಿದವನದೇ ಟಚ್‌ಡೌನು, ಅವನದೇ ಆರು ಪಾಯಿಂಟು. ನನ್ನ ಪೆನ್ಸಿಲು ಬರೆದೇಬಿಟ್ಟಿತು.

“ಟಚ್‌ಡೌನ್! ನಂಬರ್ ಥರ್ಟಿ!” ಎಂದು ಯಜಮಾನರು ಮೈಕಿನಲ್ಲಿ ಕೂಗಿದರು.

ಗುಂಪು ಕರಗಿದಾಗ ನೋಡಿದರೆ ಚೆಂಡು ಮೂವತ್ತರ ಕೈಯಲ್ಲಿತ್ತು. ಜನ ಗ್ರೌಂಡಿಗೆ ನುಗ್ಗಿದರು, ಅವನನ್ನು ಹೆಗಲ ಮೇಲೆ ಎತ್ತಿದರು. ನಾನು ಯಜಮಾನರ ತೋಳು ಮುಟ್ಟಿ, “ಸರ್, ಎಪ್ಪತ್ತೆರಡು” ಎಂದೆ. ಅವರು ಮೈಕಿನ ಮೇಲೆ ಕೈ ಇಟ್ಟು, “ಯಂಗ್ ಲೇಡಿ, ಚೆಂಡು ಯಾರ ಕೈಯಲ್ಲಿದೆ ನೋಡು” ಎಂದರು.

ಪಕ್ಕದಲ್ಲಿ ಕೂತವರು ಹಿರಿಯರು. ಪುಸ್ತಕ ತಾಳೆಯಾಗುತ್ತಿಲ್ಲ. ಮೈಸೂರಿನ ಹುಡುಗಿ ಏನು ಮಾಡುತ್ತಾಳೆ? ಸಾಲದ್ದಕ್ಕೆ ಹಿಂದಿನ ವಾರವಷ್ಟೇ ಹಾಳೆಯಲ್ಲಿ ಎರಡು ಹೆಸರು ಅದಲುಬದಲು ಮಾಡಿ, ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಆಫೀಸಿನಲ್ಲಿ ಹೇಳಿಸಿಕೊಂಡಿದ್ದೆ. ಕಾಲೇಜಿನ ಹಾಳೆಯಲ್ಲಿ ಮೂವತ್ತು ಎಂದು ಬರೆದು ಸಹಿ ಹಾಕಿದೆ. ನನ್ನ ನೋಟ್‌ಬುಕ್ಕನ್ನು ಮಾತ್ರ ತಿದ್ದಲಿಲ್ಲ. ಯಾಕೆ ತಿದ್ದಲಿಲ್ಲವೋ, ಕೈ ಬರಲಿಲ್ಲ.

ಪ್ರತಿ ವರ್ಷ ಅಕ್ಟೋಬರಿನ ಒಂದು ಶನಿವಾರ ನಾವೆಲ್ಲ ಆ ಪಾರ್ಕಿಂಗ್ ಲಾಟಿನಲ್ಲಿ ಸೇರುತ್ತೇವೆ. ಆಡಿದವರು, ಆಡಿದವರ ಹೆಂಡಿರು, ಮೆಟ್ಟಿಲ ಮೇಲೆ ಕೂತು ಕೂಗಿದವರು. ಮಡಚುವ ಕುರ್ಚಿ, ಐಸು ತುಂಬಿದ ಡಬ್ಬ, ಗ್ರಿಲ್ಲು. ಯಾವ ಕಾರಿನ ಕೆಳಗೆ ಗೆರೆ ಇತ್ತು ಎಂದು ನಮಗೆ ಗೊತ್ತು. ಅದರ ಮೇಲೆ ಕಾರು ನಿಲ್ಲಿಸಲು ಬಂದ ಹೊಸ ವಿದ್ಯಾರ್ಥಿಗಳನ್ನು ಬೇರೆ ಕಡೆ ಓಡಿಸುತ್ತೇವೆ. ಅಲ್ಲಿ ಯಾರಿಗೂ ಹೆಸರಿಲ್ಲ, ನಂಬರುಗಳೇ. ನನಗೆ ನಂಬರಿಲ್ಲದ್ದಕ್ಕೆ ಬುಕ್ ಎನ್ನುತ್ತಾರೆ. ನಾನು ಪುಳಿಯೋಗರೆ, ಕೋಡುಬಳೆ ಒಯ್ಯುತ್ತೇನೆ. ಕೋಡುಬಳೆಗೆ ಅರವತ್ತು ದಾಟಿದ ಮುದುಕರು ಕಿತ್ತಾಡುತ್ತಾರೆ ಅಂದರೆ ನನಗೆ ಹೆಮ್ಮೆಯೋ ಹೆಮ್ಮೆ.

ಊಟವಾದ ಮೇಲೆ ಯಾರಾದರೂ, “ಮೂವತ್ತು, ಆ ಕಡೇ ಆಟ ಹೇಳೋ” ಎನ್ನುತ್ತಾರೆ. ಅವನು ಸ್ಯಾನ್ ಹೊಸೆಯ ಒಂದು ಹೈಸ್ಕೂಲಿನಲ್ಲಿ ಆಟದ ಮೇಷ್ಟರಾಗಿದ್ದು ರಿಟೈರಾದವನು. ಬೇರೆ ಕತೆಗಳನ್ನು ಕೈಕಾಲು ಆಡಿಸಿ ಹೇಳುತ್ತಾನೆ. ಇದೊಂದನ್ನು ಮಾತ್ರ ನೆಲ ನೋಡುತ್ತ ಎರಡೇ ಮಾತಿನಲ್ಲಿ ಮುಗಿಸುತ್ತಾನೆ. ಎಷ್ಟು ವಿನಯ ಎಂದು ಜನ ಚಪ್ಪಾಳೆ ತಟ್ಟುತ್ತಾರೆ. ಎಪ್ಪತ್ತೆರಡು ಒಂದು ಮೂಲೆಯಲ್ಲಿ ಕೂತು ತಾನೂ ತಟ್ಟುತ್ತಾನೆ. ಅವನು ನಮ್ಮ ಪಕ್ಕದೂರು ನೆವಾರ್ಕಿನಲ್ಲಿ ಇಡೀ ಜೀವಮಾನ ಸಿಟಿ ಬಸ್ಸು ಓಡಿಸಿದ. ಎರಡೂ ಮಂಡಿಗೆ ಆಪರೇಷನ್ ಆಗಿದೆ. ಪ್ರತಿ ವರ್ಷ ಆ ಚಪ್ಪಾಳೆ ಕೇಳಿದಾಗ, ಮುಂದಿನ ವರ್ಷ ಹೇಳಿದರಾಯಿತು ಎಂದುಕೊಂಡು ಡಬ್ಬಿ ತೊಳೆಯಲು ಎದ್ದುಹೋಗುತ್ತಿದ್ದೆ.

ಈ ವರ್ಷ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ನಮ್ಮ ಟೀಮಿನವರು ಕಾಗದದ ಮೇಲೆ ಕಾಗದ ಬರೆದು ಕಾಡಿದ್ದಕ್ಕೆ ಕಾಲೇಜಿನವರು ಕೊನೆಗೂ ಒಪ್ಪಿದ್ದರು: ಪಾರ್ಕಿಂಗ್ ಲಾಟಿನ ಅಂಚಿನಲ್ಲಿ ಒಂದು ಕಲ್ಲು, ಅದರ ಮೇಲೆ ಟೀಮಿನ ಬಗ್ಗೆ ನಾಲ್ಕು ಸಾಲು. ಕೊನೆಯ ಸಾಲಿನಲ್ಲಿ ಆ ಕೊನೆಯ ಟಚ್‌ಡೌನು. ಅದನ್ನು ನಾವೇ ಬರೆದು ಕಳಿಸಬೇಕಿತ್ತು. ಹಳೇ ಹಾಳೆಗಳನ್ನೆಲ್ಲ ಕಾಲೇಜು ಯಾವಾಗಲೋ ಎಸೆದಿದೆ. “ನಮ್ಮ ಬುಕ್ ಹತ್ತಿರ ಅವತ್ತಿನ ನೋಟ್‌ಬುಕ್ ಇದ್ಯಲ್ಲ, ಅದನ್ನೇ ಓದಿಸಿ ಬರ್ಕೊಳ್ಳೋಣ” ಎಂದು ಎಲ್ಲರೂ ತೀರ್ಮಾನಿಸಿದರು.

ಹಿಂದಿನ ದಿನ ಅಡುಗೆಮನೆಯಲ್ಲಿ ಕೋಡುಬಳೆ ಹೊಸೆಯುತ್ತ ಗಂಡನಿಗೆ ಎಲ್ಲ ಹೇಳಿದೆ. ಇಷ್ಟು ವರ್ಷ ಅವರಿಗೂ ಹೇಳಿರಲಿಲ್ಲ. ಅವರಿಗೆ ಆ ಮೊಟ್ಟೆಯಂಥ ಚೆಂಡಿನ ಮೇಲೆ ಮೂರು ಕಾಸಿನ ಗೌರವವಿಲ್ಲ, ಆದರೂ ಬಾಣಲೆ ಕೆಳಗಿನ ಉರಿ ಸಣ್ಣ ಮಾಡಿ ಕೇಳಿಸಿಕೊಂಡರು.

“ಹೇಳ್ಬಿಡು” ಎಂದರು.

“ಅಷ್ಟು ಸುಲಭಾನಾ ರೀ? ಕಲ್ಲಿನ ಮೇಲೆ ತನ್ನ ನಂಬರು ಬರುತ್ತೆ ಅಂತ ಆ ಮೂವತ್ತನೇ ನಂಬರಿನವನು ಮೊಮ್ಮಕ್ಕಳನ್ನೆಲ್ಲ ಕರ್ಕೊಂಡು ಬರ್ತಿದಾನೆ. ಅವನ ಮುಖ ನಾನು ಹೇಗೆ ನೋಡ್ಲಿ?”

“ಇನ್ನೊಬ್ಬನ ಮುಖ ಇಷ್ಟು ವರ್ಷ ಹೇಗೆ ನೋಡ್ದೆ?”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹಿಟ್ಟನ್ನು ಅಲ್ಲೇ ಬಿಟ್ಟು ಹಿತ್ತಲಿಗೆ ಹೋಗಿ ನಿಂತೆ. ಸಿಟ್ಟು ಯಾಕೆಂದರೆ ಅವರು ಹೇಳಿದ್ದು ನಿಜವಾಗಿತ್ತು. ಒಳಗೆ ಬಂದಾಗ ಉಳಿದ ಕೋಡುಬಳೆಯನ್ನೆಲ್ಲ ಅವರೇ ಹೊಸೆದು, ಸೊಟ್ಟಸೊಟ್ಟಗೆ ಕರಿದಿಟ್ಟಿದ್ದರು.

ಮಾರನೆಯ ಮಧ್ಯಾಹ್ನ ಬಿಸಿಲು ಚೆನ್ನಾಗಿತ್ತು. ಮೂವತ್ತರ ಮೊಮ್ಮಕ್ಕಳು ಕಾರುಗಳ ನಡುವೆ ಓಡಾಡುತ್ತಿದ್ದರು. ಊಟವಾಯಿತು. ಬರೆದುಕೊಳ್ಳುವವರು ಕಾಗದ ಹಿಡಿದು ಕೂತರು. ನಾನು ನೋಟ್‌ಬುಕ್ ತೆರೆದು ಎದ್ದು ನಿಂತೆ. ಇಂಗ್ಲಿಷಿನಲ್ಲಿ ಹೇಳಬೇಕೆಂದು ದಾರಿಯುದ್ದಕ್ಕೂ ಉರುಹೊಡೆದದ್ದು ಒಂದೂ ಬಾಯಿಗೆ ಬರಲಿಲ್ಲ. ಅಲ್ಲಿ ಇದ್ದದ್ದನ್ನು ಇದ್ದ ಹಾಗೇ ಓದಿದೆ.

“೩೦ ನುಗ್ಗಿದ. ಕೈ ಜಾರಿತು. ೭೨ ಮೇಲೆ ಬಿದ್ದ. ೭೨ ಹಿಡಿದ. ಟಚ್‌ಡೌನು ೭೨.”

ಅವರಿಗೆ ಅರ್ಥವಾಗಿದ್ದು ಟಚ್‌ಡೌನು ಎಂಬುದೊಂದೇ, ಖುಷಿಯಿಂದ ಕೂಗಿದರು. ಕೂಗು ನಿಂತ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಹಾಳೆಯಲ್ಲಿ ತಪ್ಪು ಬರೆದವಳು ನಾನೇ, ಗೊತ್ತಿದ್ದೂ ಬರೆದೆ, ಹೆದರಿ ಬರೆದೆ ಎಂದೆ. ಮೂವತ್ತರ ಕಡೆ ತಿರುಗಿ, “ನನ್ನನ್ನು ಕ್ಷಮಿಸು, ನಿನ್ನ ಮೊಮ್ಮಕ್ಕಳ ಮುಂದೆ ಹೀಗೆ ಹೇಳಬೇಕಾಯಿತು” ಎಂದೆ. ಗ್ರಿಲ್ಲಿನ ಮೇಲೆ ಏನೋ ಸುಡುತ್ತಿತ್ತು, ಅದನ್ನು ತೆಗೆಯುವವರೂ ಇರಲಿಲ್ಲ.

ಮೂವತ್ತು ಎದ್ದು ಬಂದ. ಬಯ್ಯುತ್ತಾನೆ ಎಂದುಕೊಂಡೆ. ಅವನು ನನ್ನ ಎರಡೂ ಭುಜ ಹಿಡಿದು, “ದೇವರೇ, ಕೊನೆಗೂ!” ಎಂದ. ಅವನ ಕಣ್ಣು ತುಂಬಿತ್ತು. “ನಂಗೊತ್ತಿಲ್ವಾ? ನನ್ನ ಕೈಯಿಂದ ಜಾರಿದ್ದು ನಂಗೊತ್ತಿಲ್ವಾ? ಇವನು ಎದ್ದೇಳ್ತಾ, ಇದು ನಿಂದೇ ಅನ್ನೋ ಹಾಗೆ ಚೆಂಡನ್ನ ನನ್ನ ಕೈಗೆ ತುರುಕಿದ. ಜನ ನನ್ನ ಎತ್ಕೊಂಡ್ಬಿಟ್ರು. ಸೋಮವಾರಾನೇ ಹೇಳ್ತೀನಿ ಅಂದೆ, ಬೇಡ ಅಂದ. ಪ್ರತಿ ವರ್ಷ ಕೇಳ್ತೀನಿ, ಹೇಳ್ಲೇನೋ ಅಂತ. ಅವಳು ಹೇಳೋತನಕ ನೀನು ಬಾಯಿ ಬಿಡಬೇಡ ಅಂತಾನೆ.”

ಎಲ್ಲರ ತಲೆ ಎಪ್ಪತ್ತೆರಡರ ಕಡೆ ತಿರುಗಿತು. ಅವನು ನನ್ನ ಗಂಡ ಕರಿದ ಒಂದು ಸೊಟ್ಟ ಕೋಡುಬಳೆಯನ್ನು ಕೈಯಲ್ಲಿ ಹಿಡಿದು, ಸಿಕ್ಕಿಬಿದ್ದ ಕಳ್ಳನ ಹಾಗೆ ಕೂತಿದ್ದ.

“ಯಾಕೋ?” ಎಂದೆ. ಕನ್ನಡದಲ್ಲೇ ಕೇಳಿದೆ ಅಂತ ಕಾಣುತ್ತದೆ. ಅವನಿಗೆ ಅರ್ಥವಾಯಿತು.

“ಆ ವಾರ ಕ್ಯಾಂಟೀನಿನಲ್ಲಿ ನನ್ನ ಮುಂದೆ ಅತ್ತಿದ್ದೆಯಲ್ಲ” ಎಂದ. “ಇನ್ನೊಂದು ತಪ್ಪಾದರೆ ಕೆಲಸ ಹೋಗುತ್ತೆ, ಓದು ಬಿಟ್ಟು ಊರಿಗೆ ಹೋಗಬೇಕಾಗುತ್ತೆ ಅಂದಿದ್ದೆ. ಸೋಮವಾರ ಹಾಳೆ ನೋಡಿದೆ, ಕೆಳಗೆ ನಿನ್ನ ಸಹಿ. ಅದು ತಪ್ಪು ಅಂತ ನಾನು ಹೋಗಿ ಹೇಳೋದಾ?”

“ಆಮೇಲೆ? ನನ್ನ ಓದು ಮುಗೀತು, ಕೆಲಸ ಸಿಕ್ತು, ಮದುವೆ ಆಯ್ತು. ಆಮೇಲಾದರೂ ಹೇಳಬಾರದಾಗಿತ್ತಾ?”

“ಆಮೇಲೆ ನೀನು ನಮ್ಮ ಬುಕ್ ಆಗಿಬಿಟ್ಟೆ” ಎಂದ. “ನಿನ್ನ ತಪ್ಪನ್ನ ಬೇರೆಯವರ ಬಾಯಲ್ಲಿ ಕೇಳೋ ಹಾಗೆ ಆಗಬಾರದು ಅನ್ನಿಸ್ತು. ಆ ಕತೆ ಬಂದಾಗಲೆಲ್ಲ ಡಬ್ಬಿ ತೊಳೆಯೋಕೆ ಎದ್ದು ಹೋಗ್ತಿದ್ದೆಯಲ್ಲ, ನೀನೇ ಹೇಳ್ತೀಯ ಅಂತ ಗೊತ್ತಿತ್ತು. ಸ್ವಲ್ಪ ಲೇಟ್ ಮಾಡ್ದೆ ಅಷ್ಟೆ.”

ನಾನು ಅತ್ತೆ. ಅಷ್ಟು ಜನರ ಮುಂದೆ ನಾಚಿಕೆ ಬಿಟ್ಟು ಅತ್ತೆ. ಅಳುತ್ತಲೇ ಅವನನ್ನು ಕತ್ತೆ, ಕೋಣ, ಮಂಕುದಿಣ್ಣೆ ಎಂದು ನನಗೆ ಗೊತ್ತಿದ್ದ ಎಲ್ಲ ಬೈಗುಳದಲ್ಲೂ ಬಯ್ದೆ. ಅವನು ಹೊಟ್ಟೆ ಕುಲುಕಿಸಿ ನಗುತ್ತಿದ್ದ. ಮೂವತ್ತು ತನ್ನ ಮೊಮ್ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹೋಗಿ ಆ ತಾತನ ಕೈ ಕುಲುಕಿ ಬನ್ನಿ ಎಂದು ಒಬ್ಬೊಬ್ಬರನ್ನಾಗಿ ಕಳಿಸುತ್ತಿದ್ದ. ಇಂಥ ಟೀಮು ನಮ್ಮದು. ಗೆದ್ದದ್ದು ಪೇಪರಿನಲ್ಲಿ ಬರದಿದ್ದರೆ ಹಾಳಾಗಲಿ, ಇವರು ಇಂಥವರು ಎಂದು ಬಲ್ಲವಳು ನಾನು, ಇವರ ಜೊತೆ ಕೂತು ಬರೆದವಳು ನಾನು. ಆ ಟೋಪಿಯ ಎಂಜಿನಿಯರಿಗೆ ಇದನ್ನು ಯಾವ ಬಾಯಲ್ಲಿ ತಿಳಿಸಿ ಹೇಳಲಿ?

ಕಾಗದ ಹಿಡಿದವರು ಸಾಲನ್ನು ಬರೆದುಕೊಂಡರು. ಗದ್ದಲ ಸ್ವಲ್ಪ ಇಳಿದಾಗ ಎಪ್ಪತ್ತೆರಡು ನನ್ನನ್ನು ಹತ್ತಿರ ಕರೆದ.

“ಇನ್ನೊಂದು ಸಲ ಓದು.”

ಇಂಗ್ಲಿಷಿನಲ್ಲಿ ಶುರು ಮಾಡಿದೆ. ಅವನು ತಲೆಯಾಡಿಸಿದ. “ಅದಲ್ಲ. ಅವತ್ತು ಬರೆದಿದ್ದು. ಮೊದಲು ಓದಿದೆಯಲ್ಲ, ಆ ಥರ.”

ಕನ್ನಡದಲ್ಲಿ ಓದಿದೆ, ನಿಧಾನವಾಗಿ. ಅವನು ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೆ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಪುಸ್ತಕವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ನಾನು ಎಲ್ಲಿದ್ದೇನೆ ತೋರಿಸು ಎಂದ. ಬೆರಳಿಟ್ಟು ತೋರಿಸಿದೆ. ಮಾಸಿದ ಪೆನ್ಸಿಲಿನ ಆ ಎರಡು ಅಂಕಿಗಳನ್ನು ಅವನು ಬಹಳ ಹೊತ್ತು ನೋಡಿದ.

“ಇದು ನಾನಾ?” ಎಂದ.

“ನೀನೇ ಕಣೋ” ಎಂದೆ.